ಒಪ್ಪಿಸುವ ಹಾಡು ಮತ್ತು ಹೆಡ್‌ಫೋನು

ಶೃಂಗೇರಿಯ ಅಕ್ಕನ ಮೇಲೆ ನನಗಿದ್ದ ಹೊಟ್ಟೆಕಿಚ್ಚಿನಿಂದಾಗಿ ಕೊಪ್ಪದ ನಮ್ಮ ಮನೆಯ ಕಂಪ್ಯೂಟರಿಗೆ ಹೊಸ ಸೌಂಡ್ ಕಾರ್ಡ್ ಬಂತು ಎಂದರೆ ಯಾರೂ ನಂಬುವುದಿಲ್ಲ. ನನ್ನ ಗಂಡನಂತೂ ಇವತ್ತಿಗೂ ನಂಬಿಲ್ಲ. ಹೆಂಡತಿಗೆ ತಡವಾಗಿಯಾದರೂ ಧ್ವನಿಯ ರುಚಿ ಹತ್ತಿತು, ಅದೂ ತನ್ನ ಸಹವಾಸದಿಂದ ಹತ್ತಿತು ಎಂದು ಬಂದವರ ಎದುರೆಲ್ಲ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ನನಗೆ ಬೇಕಾಗಿದ್ದದ್ದು ಧ್ವನಿಯ ರುಚಿಯಲ್ಲ, ಒಂದು ಧ್ವನಿ ಯಾರದು ಎನ್ನುವ ತೀರ್ಮಾನ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಓರಗಿತ್ತಿ. ಇವರ ಅಣ್ಣನ ಹೆಂಡತಿ. ನನಗಿಂತ ಮೊದಲು ಆ ಮನೆಗೆ ಸೊಸೆಯಾಗಿ ಬಂದವಳು. ನಾನು ಹೊಸಿಲು ದಾಟುವಷ್ಟರಲ್ಲಿ ಒಳ್ಳೆಯ ಹೆಸರೆಲ್ಲ ಅವಳ ಪಾಲಿಗೆ ಹೋಗಿಯಾಗಿತ್ತು. ಅವಳು ಒತ್ತಿದ ಹಪ್ಪಳ ತೆಳ್ಳಗೆ, ಅವಳು ಹಾಕಿದ ರಂಗೋಲಿ ನೆಟ್ಟಗೆ, ಅವಳು ಬೈದರೂ ಬೈಸಿಕೊಂಡವರಿಗೆ ಬೇಸರವಿಲ್ಲ. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೆ. ಹಪ್ಪಳದಲ್ಲಿ ಸೋತರೆ ಯಾರ ಪ್ರಾಣವೂ ಹೋಗುವುದಿಲ್ಲ. ಹಾಡಿನ ವಿಷಯ ಹಾಗಲ್ಲ. ಹಾಡು ನನಗೂ ಬರುತ್ತಿತ್ತು.

ನಮ್ಮ ಮನೆತನಗಳಲ್ಲಿ ಮದುವೆಯ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಹಾಡು. ಹೇಳುವುದು ಜೋಡಿಯಲ್ಲಿ. ಹಿರಿಯವಳು ಬಲಗಡೆ ಕೂತು ಹಾಡು ಎತ್ತುತ್ತಾಳೆ. ಕಿರಿಯವಳು ಎಡಗಡೆ ಕೂತು ಜೊತೆ ಹೇಳುತ್ತಾಳೆ. ಎತ್ತಿಯಾದ ಮೇಲೆ ಇಬ್ಬರ ದನಿಯೂ ಒಂದೇ ಎನ್ನುವಂತೆ ಕೊನೆಯವರೆಗೆ ಹೋಗಬೇಕು. ನಮ್ಮಿಬ್ಬರಿಗೂ ಹಾಡು ಕಲಿಸಿದವರು ಅತ್ತೆ. ಅಕ್ಕಿ ಆರಿಸುತ್ತಾ, ಬಾಳೆಲೆ ಒರೆಸುತ್ತಾ ಕಲಿಸಿದರು. ಒಬ್ಬರ ಬಾಯಿಂದಲೇ ಕಲಿತದ್ದರಿಂದ ಉಸಿರು ತೆಗೆದುಕೊಳ್ಳುವ ಜಾಗವೂ ಇಬ್ಬರಿಗೂ ಒಂದೇ ಆಯಿತು. ಫೋನಿನಲ್ಲಿ ನನ್ನ ದನಿ ಕೇಳಿ ಇವರು ಅತ್ತಿಗೆ ಎಂದುಕೊಂಡು ಬಹಳ ಮರ್ಯಾದೆಯಿಂದ ಮಾತಾಡಿದ್ದುಂಟು. ನಾನು ಎಂದು ಗೊತ್ತಾದ ಮೇಲೆ ದನಿ ಮಾಮೂಲಿಗೆ ಬಂತು.

ನನ್ನ ನಾದಿನಿಯನ್ನು ಎನ್.ಆರ್. ಪುರಕ್ಕೆ ಕೊಟ್ಟರು. ಆ ಮದುವೆಯ ಹಾಡುಗಳನ್ನು ಇವರು ರೇಡಿಯೊ, ಟೇಪು ಎರಡೂ ಇರುವ ಮನೆಯ ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಮಾಡಿದ್ದರು. ಕೊನೆಗೆ ಬರುವುದು ಹೆಣ್ಣು ಒಪ್ಪಿಸುವ ಹಾಡು. ಕ್ಯಾಸೆಟ್ ಮಗುಚಿ ಹಾಕುವ ಗಡಿಬಿಡಿಯಲ್ಲಿ ಇವರು ಗುಂಡಿ ಒತ್ತುವಾಗ ನಾವು ಹಾಡು ಎತ್ತಿ ಎರಡು ಸಾಲು ಆಗಿಹೋಗಿತ್ತು. ಹಾಗಾಗಿ ಅದು ನಡುವಿನಿಂದ ಶುರುವಾಗುತ್ತದೆ. ಆ ಹಾಡಿನಲ್ಲಿ ಒಂದು ಜಾಗ ಇದೆ. ಮಗಳ ಕೈಯನ್ನು ಆ ಕಡೆಯವರ ಕೈಯಲ್ಲಿ ಇಟ್ಟೆವು ಎನ್ನುವ ಸಾಲು. ರಾಗ ಇದ್ದಕ್ಕಿದ್ದಂತೆ ಮೇಲೆ ಏರುತ್ತದೆ. ಏರಿದಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು, ಆಮೇಲೆ ನಿಧಾನ ಇಳಿಯಬೇಕು. ಕ್ಯಾಸೆಟ್ಟಿನಲ್ಲಿ ಆ ಜಾಗ ಬಂದಾಗ ಎರಡು ದನಿಗಳಲ್ಲಿ ಒಂದು ನಿಂತುಹೋಗುತ್ತದೆ. ಇನ್ನೊಂದು ಒಂಟಿಯಾಗಿ ಏರಿ, ಅಲುಗಾಡದೆ ನಿಂತು, ಇಳಿದು ಬರುತ್ತದೆ. ಕೇಳಿದವರಿಗೆ ಕಣ್ಣಲ್ಲಿ ನೀರು ಬರುತ್ತದೆ. ಅಕ್ಕನ ಗಂಡ, ನಮ್ಮ ಭಾವನಂಥ ಕಲ್ಲಿನ ಮನುಷ್ಯನಿಗೂ ಬಂದಿದೆ.

ಆ ಒಂಟಿ ದನಿ ಅಕ್ಕನದು ಎಂದು ಎಲ್ಲರೂ ನಿಶ್ಚಯ ಮಾಡಿಬಿಟ್ಟಿದ್ದರು. ಯಾರೂ ಕೇಳಲಿಲ್ಲ, ಯಾರೂ ವಿಚಾರಿಸಲಿಲ್ಲ. ಹಿರಿಯವಳು ಎತ್ತಿದ ಹಾಡು, ಹಿರಿಯವಳೇ ದಾಟಿಸಿರಬೇಕು, ಅಷ್ಟೆ. ನಾದಿನಿ ಮನೆಗೆ ಬಂದವರಿಗೆಲ್ಲ ಆ ಕ್ಯಾಸೆಟ್ ಹಾಕಿ ಕೇಳಿಸುವಳು. ಆ ಜಾಗ ಬರುತ್ತಿದ್ದಂತೆ ಕೈ ಎತ್ತಿ, "ಈಗ ಕೇಳಿ, ನಮ್ಮ ಅತ್ತಿಗೆ ಹೇಳಿದ್ದು" ಎನ್ನುವಳು. ನಾನೂ ಅವಳಿಗೆ ಅತ್ತಿಗೆಯೇ. ಆದರೆ ಆ ಜಾಗದಲ್ಲಿ ಅತ್ತಿಗೆ ಎಂದರೆ ಒಬ್ಬಳೇ. ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರೂ ಬಂದವರು ನನ್ನನ್ನು ದಾಟಿ ಅಕ್ಕನ ಮುಖ ನೋಡುವರು.

ಹಾಡುವಾಗ ನಾನು ಕಣ್ಣು ಮುಚ್ಚಿಕೊಳ್ಳುವವಳು. ಆ ದಿನದ್ದು ನನಗೆ ಹೆಚ್ಚು ನೆನಪಿರಲಿಲ್ಲ. ನೆನಪಿದ್ದದ್ದು ಒಂದೇ. ಹಾಡು ಮುಗಿಸಿ ಕಣ್ಣು ಬಿಟ್ಟಾಗ ಅಕ್ಕನ ಕೆನ್ನೆ ಒದ್ದೆಯಾಗಿತ್ತು. ಅಳುತ್ತಿದ್ದವಳು ಆ ಜಾಗವನ್ನು ಹೇಗೆ ಏರಿಯಾಳು? ಹಾಗಾದರೆ ಏರಿದ್ದು ನಾನೇ. ಈ ಲೆಕ್ಕಾಚಾರ ನನ್ನ ತಲೆಯಲ್ಲಿ ಒಮ್ಮೆ ಕೂತದ್ದು ಆಮೇಲೆ ಏಳಲಿಲ್ಲ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ನಮ್ಮ ಮನೆಗೆ ಕಂಪ್ಯೂಟರ್ ಬಂತು. ಇವರದು ಕೊಪ್ಪದ ಪೇಟೆಯಲ್ಲಿ ಬ್ಯಾಟರಿ, ಇನ್ವರ್ಟರ್ ಅಂಗಡಿ. ಬಿಲ್ಲು ಮಾಡಲು ಎಂದು ತಂದದ್ದು, ಅಂಗಡಿಗೆ ಹೋಗಲೇ ಇಲ್ಲ. ಮನೆಯ ಮಾಳಿಗೆಯ ಕೋಣೆಯಲ್ಲಿ ಕೂತು ಹಾಡು ಕೇಳುವ ಯಂತ್ರವಾಯಿತು. ಕೆಳಗಿನ ಮನೆಯಲ್ಲಿ ಓನರು ಮಧ್ಯಾಹ್ನ ಮಲಗುವುದರಿಂದ ಸ್ಪೀಕರು ಹಾಕುವಂತಿಲ್ಲ. ಊಟ ಮುಗಿಸಿ ಮತ್ತೆ ಅಂಗಡಿ ಬಾಗಿಲು ತೆಗೆಯುವವರೆಗೆ ಇವರು ತಲೆಗೆ ಹೆಡ್‌ಫೋನ್ ಏರಿಸಿಕೊಂಡು ಕೂರುವರು. ಕರೆದರೆ ಕೇಳುವುದಿಲ್ಲ. ಕೇಳದಿದ್ದರೂ "ಹ್ಞಾಂ, ಹ್ಞಾಂ" ಎನ್ನುವರು. ಮನೆ ತುಂಬ ಗಂಡ ಇದ್ದೂ ಮಾತಿಗೆ ಸಿಗದ ಆ ಹೊತ್ತಿನ ಮೇಲೆ ನನಗೆ ಸಿಟ್ಟಿತ್ತು.

ಒಂದು ದಿನ ನಾದಿನಿಯ ಕ್ಯಾಸೆಟ್ ಮನೆಗೆ ಬಂತು. ಟೇಪಿಗೆ ಬಿಳಿ ಬೂಸಲು ಹಿಡಿಯುತ್ತಿದೆ, ಹಾಳಾಗುವ ಮೊದಲು ಕಂಪ್ಯೂಟರಿಗೆ ಇಳಿಸಿಕೊಡು ಎಂದು ಅವಳು ಅಣ್ಣನಿಗೆ ಕಳಿಸಿದ್ದಳು. ಇವರು ಹಳೆಯ ಟೂ-ಇನ್-ಒನ್ ಹೊರತೆಗೆದು, ಅದರ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಹಿಂದಿನ ಗುಲಾಬಿ ಬಣ್ಣದ ತೂತಿಗೆ ವೈರು ಸಿಕ್ಕಿಸಿದರು. ಅಲ್ಲಿ ಮೈಕಿನ ಚಿತ್ರ ಇತ್ತಂತೆ, ರೆಕಾರ್ಡ್ ಮಾಡುವುದು ಎಂದರೆ ಮೈಕು ಅಲ್ಲವೇ ಎಂದು ಇವರ ತರ್ಕ. ಇಳಿಸಿಯಾದ ಮೇಲೆ ಕಣ್ಣುಮುಚ್ಚಿ ಕೇಳಿದರು. ಮುಖ ಅರಳಿತು. ಹೆಡ್‌ಫೋನ್ ತೆಗೆದು ನನ್ನ ತಲೆಗೆ ಹಾಕಿ, ನನಗೆ ಕೇಳಿಸಲೆಂದು ಜೋರಾಗಿ ಕೂಗಿದರು:

"ಅತ್ತಿಗೆ ದನಿ ಎಂಥಾ ದನಿ ಮಾರಾಯ್ತಿ!"

ನನ್ನ ಮೈಯೆಲ್ಲ ಉರಿಯಿತು. ಹೆಡ್‌ಫೋನಿನಲ್ಲಿ ಕೇಳಿದ್ದು ಬಾವಿಯೊಳಗಿಂದ ಬಂದಂಥ ಶಬ್ದ, ಜೊತೆಗೆ ಗುಂಯ್ ಎಂದು ಬಿಡದ ಸದ್ದು. ಮೌಸ್ ಅಲ್ಲಾಡಿಸಿದರೆ ಕಿರಕಿರ. ಎರಡು ಕಿವಿಗೂ ಒಂದೇ ಮುದ್ದೆ. ಇದರಲ್ಲಿ ಯಾರದು ಯಾರ ದನಿ ಎಂದು ಬ್ರಹ್ಮ ಬಂದರೂ ಹೇಳಲಾರ.

"ಇದನ್ನ ಸ್ವಲ್ಪ ಬಿಡಿಸಿ ಕೇಳೋ ಹಂಗೆ ಮಾಡ್ಲಿಕ್ಕೆ ಆಗಲ್ವಾ?" ಎಂದೆ.

ಇವರು ನನ್ನನ್ನೇ ನೋಡಿದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಇವರ ಹುಚ್ಚಿನ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. "ಮಾಡಬಹುದು. ಆದ್ರೆ ಬೇರೆ ಸೌಂಡ್ ಕಾರ್ಡ್ ಹಾಕ್ಬೇಕು. ನೀನೇ ಬೇಡ ಅಂತಿಯಲ್ಲ ಅಂತ..."

"ನಾನು ಯಾವಾಗ ಬೇಡ ಅಂದೆ? ಹಾಕ್ಸಿ."

ಮರುದಿನದಿಂದಲೇ ಕೆಲಸ ಶುರುವಾಯಿತು. ಮೊದಲು ಗುಂಯ್ ಶಬ್ದ ಹೋಗಬೇಕಿತ್ತು. ಅದಕ್ಕೆ ಕಾರಣ ಮನೆಗೆ ಅರ್ಥಿಂಗ್ ಸರಿಯಿಲ್ಲದ್ದು ಎಂದು ಇವರು ಬಚ್ಚಲಿನ ಹಿಂದೆ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಅಲ್ಲಿಂದ ಮಾಳಿಗೆಗೆ ತಂತಿ ಎಳೆದರು. ಗುಂಡಿ ಒಣಗಬಾರದು, ದಿನಾ ನೀರು ಹಾಕಬೇಕು. ಬೆಳಿಗ್ಗೆ ತುಳಸಿಗೆ ನೀರು ಹಾಕಿದ ಮೇಲೆ ಅರ್ಥಿಂಗ್ ಗುಂಡಿಗೂ ಒಂದು ಚೆಂಬು ಹಾಕತೊಡಗಿದೆ. ಪ್ರದಕ್ಷಿಣೆ ಬರುವುದೊಂದು ಬಾಕಿ ಎಂದು ಓನರ ಹೆಂಡತಿ ನಗುವಳು. ಭಕ್ತಿಯಿಂದಲೇ ಹಾಕುತ್ತಿದ್ದೆ.

ಸೌಂಡ್ ಕಾರ್ಡ್ ಶಿವಮೊಗ್ಗದಿಂದ ಬಸ್ ಡ್ರೈವರ್ ಕೈಯಲ್ಲಿ ಬಂತು. ಇವರು ಬಸ್‌ಸ್ಟ್ಯಾಂಡಿಗೆ ಹೋಗಿ ಕಾದು ತಂದರು. ಡಬ್ಬದೊಳಗೆ ಒಂದು ಕಾಗದ ಇತ್ತು, ಯಾವ ತೂತು ಯಾವುದಕ್ಕೆ ಎಂದು ಅದರಲ್ಲಿ ಚಿತ್ರ. ಟೇಪ್ ರೆಕಾರ್ಡರಿನ ವೈರು ಹೋಗಬೇಕಾದ್ದು ನೀಲಿ ತೂತಿಗೆ. ಗುಲಾಬಿ ತೂತು ಎರಡು ಕಡೆಯ ಧ್ವನಿಯನ್ನೂ ಒಂದೇ ಮಾಡಿಬಿಡುತ್ತದೆ, ನೀಲಿ ಮಾತ್ರ ಎಡ ಬೇರೆ, ಬಲ ಬೇರೆ ಇಡುತ್ತದೆ. ಅದನ್ನು ಓದಿ ಇವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಗೊತ್ತಾದ ಪ್ರಕಾರ ನೀಲಿ ತೂತು ನಮ್ಮ ಕಂಪ್ಯೂಟರಿನ ಹಿಂದೆಯೂ ಮೊದಲಿನಿಂದ ಇತ್ತಂತೆ. ಆ ವಿಷಯವನ್ನು ಇವರು ನನ್ನ ಹತ್ತಿರ ಹೇಳಲು ಒಂದು ದೀಪಾವಳಿ ಕಳೆಯಬೇಕಾಯಿತು.

ಟೇಪ್ ರೆಕಾರ್ಡರಿನಲ್ಲಿ ಟೇಪು ತಾಗಿ ಓಡುವ ಹೆಡ್ಡನ್ನು ಹತ್ತಿಗೆ ಸ್ಪಿರಿಟ್ ಹಚ್ಚಿ ಒರೆಸಿದರು. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇದೆ, ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಂಕಾದ ದನಿ ಬಿಚ್ಚಿಕೊಳ್ಳುತ್ತದೆ. ಇವರು ತಿರುಗಿಸುವುದು, ನಾನು ಹೆಡ್‌ಫೋನ್ ಹಾಕಿಕೊಂಡು ಕೇಳುವುದು. "ಈಗ?" "ಇಲ್ಲ." "ಈಗ?" "ಸ್ವಲ್ಪ." "ಈಗ?" ಹೀಗೆ ಒಂದಿಡೀ ಮಧ್ಯಾಹ್ನ. ಅಂಗಡಿಯ ಬಾಗಿಲು ತೆಗೆಯುವುದೂ ತಡವಾಯಿತು. ಇವರಿಗೆ ಅಷ್ಟು ಖುಷಿಯಾಗಿದ್ದನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ.

ಕೊನೆಗೊಮ್ಮೆ ಸ್ಕ್ರೂ ಸರಿಯಾದ ಜಾಗಕ್ಕೆ ಬಂತು. ಮುದ್ದೆಯಾಗಿದ್ದದ್ದು ಬಿಡಿಬಿಡಿಯಾಯಿತು. ಎಡಗಿವಿಯಲ್ಲಿ ಒಬ್ಬಳು, ಬಲಗಿವಿಯಲ್ಲಿ ಒಬ್ಬಳು. ನಡುವೆ ಬಳೆಯ ಶಬ್ದ, ದೂರದಲ್ಲಿ ಪುರೋಹಿತರ ಕೆಮ್ಮು. ಟೂ-ಇನ್-ಒನ್‌ಗೆ ಎರಡು ತುದಿಯಲ್ಲೂ ಮೈಕು ಇದ್ದದ್ದರಿಂದ ನಾವಿಬ್ಬರೂ ಬೇರೆ ಬೇರೆಯಾಗಿಯೇ ಟೇಪಿನೊಳಗೆ ಕೂತಿದ್ದೆವು. ನಾನು ಉಸಿರು ಬಿಗಿಹಿಡಿದೆ. ಆ ಜಾಗ ಬಂತು. ಬಲಗಿವಿಯ ದನಿ ನಿಂತಿತು. ಎಡಗಿವಿಯ ದನಿ ಏರಿತು.

ಎಡಗಡೆ ಕೂತವಳು ನಾನು!

"ನಾನು!" ಎಂದು ಕೂಗಿದೆ. ಕೆಳಗೆ ಓನರು ಎದ್ದಿರಬೇಕು. "ನೋಡಿ, ಎಡಗಡೆ! ಕಿರಿಯವಳು ಕೂರೋದು ಎಡಗಡೆ ಅಲ್ದಾ? ಇಷ್ಟು ವರ್ಷ ಎಲ್ಲರೂ ಅಕ್ಕ ಅಕ್ಕ ಅಂತಿದ್ದದ್ದು ನನ್ನನ್ನ!"

ಇವರು ಹೆಡ್‌ಫೋನ್ ಹಾಕಿ ಕೇಳಿದರು. "ಹೌದು ಮಾರಾಯ್ತಿ, ಎಡಗಡೆನೇ" ಎಂದರು. ಅಷ್ಟು ಸಾಕಾಗಿತ್ತು. ಆ ಸಂಜೆಯೇ ಶೃಂಗೇರಿಗೆ ಫೋನು ಮಾಡಿದೆ. ನೇರವಾಗಿ ಹೇಳಿಬಿಡಬೇಕು ಎಂದುಕೊಂಡಿದ್ದೆ, ಆದರೂ ಮಳೆ, ಅವಳ ಮಗಳ ಜಾತಕ ಎಲ್ಲ ಮಾತಾಡಿ ಆದ ಮೇಲೆ ವಿಷಯಕ್ಕೆ ಬಂದೆ. ಇವರು ಹೊಸ ಕಾರ್ಡ್ ಹಾಕಿದ್ದಾರೆ, ಈಗ ಎಲ್ಲ ಬಿಡಿಬಿಡಿಯಾಗಿ ಕೇಳ್ತದೆ, ಆ ಮೇಲೆ ಏರೋ ಜಾಗ ಹೇಳಿದ್ದು ನಾನಂತೆ, ಎಂದೆ. ಯಾರೋ ಮೂರನೆಯವರು ಹೇಳಿದ ಹಾಗೆ 'ಅಂತೆ' ಸೇರಿಸಿದ್ದು ಮರ್ಯಾದೆಗೆ.

ಅಕ್ಕ, "ಇರ್ಬೋದು ಮಾರಾಯ್ತಿ" ಎಂದಳು. "ನನಗೂ ವಯಸ್ಸಾಯ್ತು. ಹಂಗಾದ್ರೆ ಇವಳ ಮದ್ವೆಗೆ ನೀನೇ ಹಾಡು ಎತ್ತು. ನಾನು ಹೆಣ್ಣಿನ ತಾಯಿ, ನನಗೆ ಪುರುಸೊತ್ತು ಎಲ್ಲಿ?"

ಜಗಳವಾಡಲು ಸೆರಗು ಕಟ್ಟಿ ನಿಂತವಳಿಗೆ ಬಾಗಿಲು ತೆರೆದು ಒಳಗೆ ಬಾ ಎಂದ ಹಾಗಾಯಿತು. ಗೆದ್ದಿದ್ದೆ, ಆದರೂ ಗೆದ್ದ ಹಾಗೆ ಅನ್ನಿಸಲಿಲ್ಲ. ಅವಳು ಒಂದು ಸಲವಾದರೂ ಅಲ್ಲ ಎನ್ನಬೇಕಿತ್ತು. ಅಲ್ಲ ಎಂದಿದ್ದರೆ ನಾನು ಹೌದು ಎಂದು ಸಾಧಿಸಿ ತೋರಿಸುತ್ತಿದ್ದೆ. ನಾದಿನಿಗೂ ಫೋನು ಮಾಡಿ ಹೇಳಿದೆ. ಅವಳು, "ಹೌದಾ? ನನಗೆ ಹಂಗೆ ಅನ್ಸಲ್ಲಪ್ಪ" ಎಂದಳು. ಅವಳ ಮೇಲೆಯೂ ಒಂದು ವಾರ ಸಿಟ್ಟು ಮಾಡಿಕೊಂಡಿದ್ದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಇವತ್ತಿಗೂ ಸುಖವಾಗಿ ಇರುತ್ತಿದ್ದೆ. ಆದರೆ ನನ್ನ ದನಿ ಎಂದು ಗೊತ್ತಾದ ಮೇಲೆ ಅದನ್ನು ಕೇಳುವ ಆಸೆ ಹೆಚ್ಚಿತು. ಮಧ್ಯಾಹ್ನ ಇವರು ಅಂಗಡಿಗೆ ಹೋದ ಮೇಲೆ ನಾನೇ ಕಂಪ್ಯೂಟರ್ ಹಾಕಿಕೊಂಡು ಕೂರತೊಡಗಿದೆ. ಕರೆಂಟು ಹೋದರೆ ಇನ್ವರ್ಟರಿನಲ್ಲಿ ಕೇಳುವೆ. ಒಲೆಯ ಮೇಲೆ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಕೇಳಿದರೂ ಆ ದನಿಯ ಹಿಂದೆ ಒಂದು ತೆಳು ಕೊಳೆ ಉಳಿದಿದೆ, ಅದೊಂದು ಹೋದರೆ ಎಷ್ಟು ಚೆನ್ನ ಅನ್ನಿಸಿತು. ಇವರಿಗೆ ಹೇಳಿದೆ. ಅದನ್ನೇ ಕಾಯುತ್ತಿದ್ದವರ ಹಾಗೆ ಉತ್ತರ ಕೊಟ್ಟರು:

"ಕಾರ್ಡು ಪೆಟ್ಟಿಗೆ ಒಳಗೇ ಕೂತದೆ ಅಲ್ವಾ, ಒಳಗಿನ ಗಲಾಟೆ ಎಲ್ಲ ಅದಕ್ಕೆ ಬರ್ತದೆ. ಹೊರಗೆ ಇಡೋದು ಬರ್ತದೆ ಈಗ, ಯುಎಸ್‌ಬಿಗೆ ಸಿಕ್ಕಿಸೋದು. ಜೊತೆಗೆ ಹೆಡ್‌ಫೋನೂ ಬೇರೆ ಬೇಕು. ಇದು ಕಿವಿ ಮೇಲೆ ಕೂರೋದು. ಕಿವಿ ಪೂರ್ತಿ ಮುಚ್ಚೋದು ತರ್ಸಿದ್ರೆ..."

"ತರ್ಸಿ" ಎಂದೆ. ಹಬ್ಬಕ್ಕೆ ಸೀರೆ ಬೇಡ ಎಂದೂ ಸೇರಿಸಿದೆ. ಇವರ ಕಣ್ಣಲ್ಲಿ ಆ ದಿನ ನಾನು ಬಹಳ ಎತ್ತರಕ್ಕೆ ಹೋದೆ.

ಹೊಸ ಡಬ್ಬ ಬೆಂಕಿಪೊಟ್ಟಣಗಳ ಕಟ್ಟಿನಷ್ಟು ಸಣ್ಣದು. ಹೆಡ್‌ಫೋನ್ ಮಾತ್ರ ಎರಡು ಬಟ್ಟಲು ಕವುಚಿ ಹಾಕಿದಷ್ಟು ದೊಡ್ಡದು. ತುರುಬಿನ ಮೇಲೆ ಕೂರುವುದಿಲ್ಲ ಎಂದು ಜಡೆ ಇಳಿಬಿಟ್ಟೇ ಹಾಕಿಕೊಳ್ಳಬೇಕು. ಇವರು ಕ್ಯಾಸೆಟ್ಟನ್ನು ಹೊಸದಾಗಿ ಇನ್ನೊಮ್ಮೆ ಇಳಿಸಿದರು. ಮೊದಲಿನ ಸಲ ಕಂಪ್ಯೂಟರಿನಲ್ಲಿ ಜಾಗ ಉಳಿಸಲು ಹಾಡನ್ನು ಒತ್ತಿ ಸಣ್ಣ ಮಾಡಿ ಇಟ್ಟಿದ್ದರಂತೆ, ಈ ಸಲ ಒತ್ತದೆ, ಇದ್ದದ್ದು ಇದ್ದ ಹಾಗೆ ಇಟ್ಟರು. "ಮೊದಲು ನೀನು ಕೇಳು" ಎಂದು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿದರು.

ಕಿವಿ ಮುಚ್ಚುತ್ತಿದ್ದಂತೆ ಪೇಟೆಯ ಸದ್ದೆಲ್ಲ ಹೋಯಿತು. ಹಾಡು ಶುರುವಾಯಿತು. ಕೊಳೆ ಇರಲಿಲ್ಲ. ಸೀರೆಯ ಸರಬರ, ಯಾರೋ ಮೂಗು ಏರಿಸಿದ್ದು, ಹರಿವಾಣ ಕೆಳಗಿಟ್ಟದ್ದು ಎಲ್ಲ ಕೈಗೆ ಸಿಗುವ ಹಾಗೆ. ಅತ್ತೆ, ತೀರಿಹೋಗಿ ಎಷ್ಟೋ ಕಾಲವಾದವರು, ಯಾರಿಗೋ "ಅಕ್ಷತೆ ಈ ಕಡೆ ಕೊಡೇ" ಎಂದದ್ದು ಕೇಳಿತು. ನನಗೆ ಕಣ್ಣು ಮಂಜಾಯಿತು. ಇನ್ನೇನು ಆ ಜಾಗ. ಏರುವ ಮೊದಲು ಇಬ್ಬರೂ ಉಸಿರು ತೆಗೆದುಕೊಳ್ಳುವ ಸಣ್ಣ ಬಿಡುವಿದೆ. ಆ ಬಿಡುವಿನಲ್ಲಿ, ಬಲಗಿವಿಯಲ್ಲಿ, ಅಳುವ ಗಂಟಲಿನಿಂದ ಒಂದು ಪಿಸುಮಾತು ಬಂತು.

"ಅಕ್ಕಾ, ನನ್ ಕೈಲಿ ಆಗಲ್ಲ, ನೀನೇ ಹೇಳು."

ಆಮೇಲೆ ಎಡಗಿವಿಯ ದನಿ ಏರಿತು.

ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದೆ. ಹಾಡು ಮುಗಿದು ಬರೀ ಟೇಪು ಓಡುವ ಸದ್ದು ಬಂದರೂ ಕೂತಿದ್ದೆ. ಅಕ್ಕ ತನ್ನನ್ನೇ ತಾನು ಅಕ್ಕಾ ಎಂದು ಕರೆದುಕೊಳ್ಳುವವಳಲ್ಲ. ಇವರು ನನ್ನ ಮುಖ ನೋಡಿ, ಹೆಡ್‌ಫೋನ್ ತೆಗೆದುಕೊಂಡು ತಾವೂ ಕೇಳಿದರು. ಕೇಳಿ ಗೋಡೆ ನೋಡಿದರು.

"ನಾನು ಕೂತದ್ದು ಎಡಗಡೆ" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿತು.

"ಅದು..." ಎಂದರು ಇವರು. "ಟೇಪ್ ರೆಕಾರ್ಡರನ್ನ ನಾನು ನನ್ನ ಕಡೆ ತಿರುಗಿಸಿ ಇಟ್ಕೊಂಡಿದ್ದೆ. ಗುಂಡಿ ಒತ್ತಬೇಕಿತ್ತಲ್ಲ. ನಿಮ್ಮ ಕಡೆಗೆ ಅದರ ಬೆನ್ನು. ಹಂಗಾಗಿ ನಿಮ್ಮ ಎಡ ಅದಕ್ಕೆ ಬಲ ಆಗ್ತದೆ."

"ಇದನ್ನ ಆವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಆವತ್ತು ನೀನು ಅಷ್ಟು ಖುಷಿಯಲ್ಲಿದ್ದೆ. ನನಗೂ ಹೊಳೀಲಿಲ್ಲ ಮಾರಾಯ್ತಿ."

ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ದನಿ ಅವಳದು ಎಂದು ಗೊತ್ತಾದದ್ದು ಒಂದು ಉರಿ. ಅದಕ್ಕಿಂತ ದೊಡ್ಡ ಉರಿ ಬೇರೆ ಇತ್ತು. ನಾನು ಪಿಸುಗುಟ್ಟಿದ್ದು ಅವಳ ಕಿವಿಗೆ. ನನಗೆ ಮರೆತಿರಬಹುದು, ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ನಾನು ಅಷ್ಟು ಜಂಬದಿಂದ ಹೇಳುವಾಗಲೂ ಗೊತ್ತಿತ್ತು. ಗೊತ್ತಿದ್ದೂ "ಇರ್ಬೋದು ಮಾರಾಯ್ತಿ" ಎಂದಳು. ಹಾಡಿನಲ್ಲಿ ಮೇಲು ಎಂದರೆ ಹೇಗೋ ತಡೆದುಕೊಳ್ಳಬಹುದು, ಬಾಯಿ ಮುಚ್ಚಿಕೊಂಡಿರುವುದರಲ್ಲೂ ಮೇಲು ಎಂದರೆ ಮನುಷ್ಯರು ಏನು ಮಾಡಬೇಕು? ನನ್ನ ಹೊಟ್ಟೆಕಿಚ್ಚಿಗೆ ಅವಳು ತಾನೇ ಕಟ್ಟಿಗೆ ತಂದು ಒಟ್ಟುತ್ತಿದ್ದಳು.

"ಅತ್ತಿಗೆಗೆ ಹೇಳ್ತೀಯಾ?" ಎಂದು ಇವರು ಬಾಗಿಲಲ್ಲಿ ನಿಂತು ಕೇಳಿದರು.

"ಎಂತ ಹೇಳೋದು? ಅವಳಿಗೆ ಗೊತ್ತೇ ಉಂಟಲ್ಲ."

ಆದರೆ ಒಂದು ನಿಶ್ಚಯ ಮಾಡಿದೆ. ಮದುವೆಗೆ ಹಾಡು ಎತ್ತು ಎಂದು ಅವಳೇ ಹೇಳಿದ್ದಾಳೆ. ಎತ್ತುತ್ತೇನೆ. ಆ ಜಾಗವನ್ನು ನಾನೇ ಏರುತ್ತೇನೆ, ಇಡೀ ಚಪ್ಪರ ಕೇಳಬೇಕು. ಅಂದಿನಿಂದ ದಿನಾ ಮಧ್ಯಾಹ್ನ ಹೆಡ್‌ಫೋನ್ ಹಾಕಿಕೊಂಡು ಅವಳ ದನಿಯ ಜೊತೆ ಅಭ್ಯಾಸ ಮಾಡಿದೆ. ಅವಳು ಎಲ್ಲಿ ಉಸಿರು ಕದಿಯುತ್ತಾಳೆ, ಏರಿದಲ್ಲಿ ಹೇಗೆ ನಿಲ್ಲುತ್ತಾಳೆ, ಇಳಿಯುವಾಗ ಯಾವ ಅಕ್ಷರವನ್ನು ಸ್ವಲ್ಪ ತಡೆದು ಬಿಡುತ್ತಾಳೆ, ಎಲ್ಲ ಕೇಳಿ ಕೇಳಿ ಬಾಯಿಗೆ ತಂದುಕೊಂಡೆ. ಕಲಿಸುವವಳಿಗೆ ಗೊತ್ತಿಲ್ಲದೆ ಪಾಠವಾಯಿತು. ಹೆಡ್‌ಫೋನ್ ಹಾಕಿಕೊಂಡವರಿಗೆ ತಾವೆಷ್ಟು ಜೋರಾಗಿ ಹಾಡುತ್ತೇವೆ ಎಂದು ತಿಳಿಯುವುದಿಲ್ಲವಾದ್ದರಿಂದ ಕೆಳಗಿನ ಓನರ ಮಧ್ಯಾಹ್ನದ ನಿದ್ದೆ ಅಷ್ಟಕ್ಕೇ ಮುಗಿಯಿತು.

ಮದುವೆ ಶೃಂಗೇರಿಯಲ್ಲಿ, ಅಕ್ಕನ ಮನೆಯ ಅಂಗಳದಲ್ಲೇ. ಗಂಡು ಕಮ್ಮರಡಿಯ ಕಡೆಯವನು. ಇವರು ಅಂಗೈಯಷ್ಟು ದೊಡ್ಡ ಡಿಜಿಟಲ್ ರೆಕಾರ್ಡರ್ ಒಂದನ್ನು ತಂದಿದ್ದರು. ನಾನು ಅದನ್ನು ಕೈಯಲ್ಲಿ ಹಿಡಿದು, ಮುಖ ಯಾವುದು ಬೆನ್ನು ಯಾವುದು ಎಂದು ಕೇಳಿ ತಿಳಿದುಕೊಂಡು, ನಮ್ಮ ಕಡೆಗೆ ಮುಖ ಮಾಡಿಸಿಯೇ ಇಡಿಸಿದೆ. ಹಾಡು ಎತ್ತುವವಳ ಬಲಗಡೆಯ ಜಾಗದಲ್ಲಿ ಕೂತೆ. ಎಡಗಡೆ ನಾದಿನಿ. ಅವಳಿಗೆ ಹಾಡು ಅರ್ಧಂಬರ್ಧ, ಜೊತೆಗೆ ಒಂದು ದನಿ ಇದ್ದರಾಯಿತು. ಎಲ್ಲ ಹಾಡನ್ನೂ ನಾನೇ ಎತ್ತಿದೆ. ಯಾರೂ ತಲೆ ಅಲ್ಲಾಡಿಸಲಿಲ್ಲ, ಯಾರೂ ಮುಖ ಸಿಂಡರಿಸಲಿಲ್ಲ. ಮದುವೆಯ ಗದ್ದಲದಲ್ಲಿ ಹಾಡಿಗೆ ಅಷ್ಟೇ ಗೌರವ.

ಒಪ್ಪಿಸುವ ಹೊತ್ತು ಬಂತು. ಭಾವ, ಅಕ್ಕ ಮಗಳ ಕೈ ಹಿಡಿದು ನಿಂತರು. ನಾನು ಹಾಡು ಎತ್ತಿದೆ. ಎದುರಿಗೇ ಅಕ್ಕ. ನಾನು ಈ ಸಲ ಕಣ್ಣು ಮುಚ್ಚಲಿಲ್ಲ. ಅವಳು ಅಳಲಿಲ್ಲ. ಗಂಡಿನ ತಾಯಿಯ ಕೈಯಲ್ಲಿ ಮಗಳ ಕೈ ಇಟ್ಟಳು, ಮೇಲೆ ಹಾಲು ಬಿಟ್ಟಳು, ಸೆರಗು ಸರಿಮಾಡಿಕೊಂಡು ನೇರವಾಗಿ ನಮ್ಮ ಕಡೆ ಬಂದಳು. ನಾದಿನಿ ಜಾಗ ಬಿಟ್ಟು ಎದ್ದು ಮದುಮಗಳ ಹತ್ತಿರ ಹೋದಳು. ಹಾಡು ಅರ್ಧದಲ್ಲಿತ್ತು. ಹೆತ್ತವಳು ಒಪ್ಪಿಸುವ ಹಾಡು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಅಕ್ಕ ನನ್ನ ಎಡಗಡೆ, ಕಿರಿಯವಳ ಜಾಗದಲ್ಲಿ ಕೂತು ದನಿ ಸೇರಿಸಿದಳು. ಜನ ಈಗ ಮಾತು ನಿಲ್ಲಿಸಿದರು. ಅಲ್ಲಿಯವರೆಗೆ ನಾನು ಹೇಳಿದ್ದಕ್ಕೆಲ್ಲ ನಿಲ್ಲದ ಮಾತು ಅದು.

ಬಂದುಬಿಟ್ಟಳಲ್ಲ ಎಂದುಕೊಂಡೆ. ಇನ್ನು ಮೂರು ಸಾಲಿಗೆ ಆ ಜಾಗ. ಕೊಟ್ಟ ಹಾಗೆ ಮಾಡಿ ಕೊನೆಗೆ ಕೈಯಿಂದ ಕಿತ್ತುಕೊಳ್ಳಲು ಬಂದಳಲ್ಲ. ಉಸಿರು ತೆಗೆದುಕೊಳ್ಳುವ ಬಿಡುವು ಬಂತು. ಅವಳ ಕೈ ನನ್ನ ಮಂಡಿಯನ್ನು ಗಟ್ಟಿಯಾಗಿ ಹಿಡಿಯಿತು. ಅಳುವ ಗಂಟಲಿನಿಂದ ಪಿಸುಗುಟ್ಟಿದಳು: "ನನ್ ಕೈಲಿ ಆಗಲ್ಲ, ನೀನೇ ಹೇಳು."

ನಾನು ಹೇಳಿದೆ. ಏರಿದೆ, ಏರಿದಲ್ಲಿ ನಿಂತೆ, ಇಳಿದೆ. ಅವಳ ಬೆರಳು ನನ್ನ ಮಂಡಿಯಲ್ಲಿ ಒತ್ತಿಕೊಂಡೇ ಇತ್ತು. ಹಾಡು ಮುಗಿದಾಗ ಚಪ್ಪರದಲ್ಲಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಭಾವ ಕಂಬ ಹಿಡಿದು ಆ ಕಡೆ ತಿರುಗಿ ನಿಂತಿದ್ದರು.

ಮರುದಿನ ಬೀಗರೆಲ್ಲ ಹೋದ ಮೇಲೆ ಮನೆಯವರೇ ಕಾಫಿಗೆ ಕೂತಿದ್ದೆವು. ಇವರು ರೆಕಾರ್ಡರಿನಿಂದ ಅಕ್ಕನ ಮನೆಯ ಕಂಪ್ಯೂಟರಿಗೆ ಇಳಿಸಿ ಸ್ಪೀಕರಿನಲ್ಲಿ ಹಾಕಿದರು. ಆ ಜಾಗ ಬಂತು. ನಾದಿನಿ ಕೈ ಎತ್ತಿದಳು.

"ಕೇಳಿ, ಕೇಳಿ. ಅತ್ತಿಗೆ ದನಿ ಇವತ್ತಿಗೂ ಹಂಗೇ ಇದೆ ನೋಡಿ. ಸ್ವಂತ ಮಗಳನ್ನ ಕೊಟ್ಟು ಬಂದು ಕೂತು ಹಿಂಗೆ ಹೇಳ್ಲಿಕ್ಕೆ ಎಂಥಾ ಗಟ್ಟಿ ಎದೆ ಬೇಕು!"

"ಅದು ನಾನು!" ಎಂದೆ. ಎಲ್ಲರೂ ನನ್ನತ್ತ ನೋಡಿ ಪಾಪ ಎನ್ನುವ ಹಾಗೆ ನಕ್ಕರು. ಹಿಂದೆ ಫೋನು ಮಾಡಿ ಹೇಳಿಕೊಂಡದ್ದು ಎಲ್ಲರಿಗೂ ನೆನಪಿತ್ತು. ನಾನು ಬಿಡಲಿಲ್ಲ. ಕೊಪ್ಪದಿಂದ ತಂದಿದ್ದ ದೊಡ್ಡ ಹೆಡ್‌ಫೋನನ್ನು ಬ್ಯಾಗಿನಿಂದ ತೆಗೆಸಿ, ಸಿಕ್ಕಿಸಿ, ನಾದಿನಿಯ ತಲೆಗೆ ಹಾಕಿದೆ. "ಏರೋ ಮೊದಲು ಪಿಸುಪಿಸು ಮಾತು ಕೇಳ್ತದಾ ನೋಡು."

ಅವಳು ಕಣ್ಣರಳಿಸಿ ಕೇಳಿದಳು. "ಹೌದು, ಕೇಳ್ತದೆ! 'ನನ್ ಕೈಲಿ ಆಗಲ್ಲ, ನೀನೇ ಹೇಳು' ಅಂತ. ಪಾಪ, ನಿನಗೆ ಅಳು ಬಂದು ಅತ್ತಿಗೆ ಹತ್ರ ಹೇಳಿದ್ದು."

ಅಕ್ಕನಿಗೆ ತಡೆಯಲಾಗಲಿಲ್ಲ. "ಏ, ಸುಮ್ನಿರೇ. ಪಿಸುಗುಟ್ಟಿದ್ದು ನಾನು. ಹಾಡಿದ್ದು ಅವಳು. ದೇವರಾಣೆ" ಎಂದಳು.

ನನಗೆ ಎದೆ ಹಗುರಾಯಿತು. ಆಗ ಭಾವ, ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ, ಲೋಟ ಕೆಳಗಿಟ್ಟು ಹೇಳಿದರು:

"ನೋಡಿ, ಇವಳ ಮನಸ್ಸು ಎಷ್ಟು ದೊಡ್ಡದು ಅಂತ."

ಎಲ್ಲರೂ ಹೌದು ಹೌದು ಎಂದರು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ನನಗೆ ನಗು ಬರಲಿಲ್ಲ. ಎದ್ದು ಒಳಗೆ ಹೋದೆ.

ಆ ಹಾಡು ಈಗ ಕೊಪ್ಪದ ಕಂಪ್ಯೂಟರಿನಲ್ಲಿದೆ. ಇವರು ಅಂಗಡಿಗೆ ಹೋದ ಮೇಲೆ ಕಿವಿ ಮುಚ್ಚಿಕೊಂಡು ಕೇಳುತ್ತೇನೆ. ರೆಕಾರ್ಡರಿನ ಮುಖ ನಾನೇ ತಿರುಗಿಸಿ ಇಡಿಸಿದ್ದು, ಎಡಬಲದ ಅನುಮಾನವಿಲ್ಲ. ಎಡಗಿವಿಯಲ್ಲಿ ಅಕ್ಕ ಪಿಸುಗುಟ್ಟುತ್ತಾಳೆ, ಬಲಗಿವಿಯಲ್ಲಿ ನಾನು ಏರುತ್ತೇನೆ. ಅವಳು ಕದಿಯುವಲ್ಲೇ ಉಸಿರು ಕದಿಯುತ್ತೇನೆ, ಅವಳು ನಿಲ್ಲುವ ಹಾಗೆಯೇ ನಿಲ್ಲುತ್ತೇನೆ. ಆ ನಿಂತ ಜಾಗದಲ್ಲಿ ಪ್ರತಿ ಸಲವೂ, ಎಲ್ಲ ಗೊತ್ತಿದ್ದೂ, ಎಷ್ಟು ಚೆನ್ನಾಗಿ ಹೇಳುತ್ತಾಳೆ ಅಕ್ಕ ಅನ್ನಿಸಿಬಿಡುತ್ತದೆ, ಹೊಟ್ಟೆ ಉರಿಯುತ್ತದೆ.